ಅಲ್ಲಾಡಿಸದೆ ಸುಲಿದ ಕಾಯಿ

ಟೈರ್ಡ್, ಎಕ್ಸಾಸ್ಟೆಡ್ ಎರಡೂ ಒಂದೇ, ಸುಸ್ತಿಗೆ ತೊಡಿಸಿದ ಎರಡು ಅಂಗಿ ಅಷ್ಟೇ ಎಂದು ನಾನು ಹಟ ಹಿಡಿದಿದ್ದೆ. ತೊಂಬತ್ತರ ದಶಕದ ಕೊನೆ, ಅರಸೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದೆ. ಬೇಲೂರಿನ ಚರ್ಚಾಸ್ಪರ್ಧೆಗೆ ಕಾಲೇಜಿನಿಂದ ಒಬ್ಬರಿಗೇ ಅವಕಾಶ: ನಾನು, ಇಲ್ಲವೇ ನನ್ನ ಗೆಳತಿ. ಇಂಗ್ಲಿಷ್ ಮೇಷ್ಟ್ರು ಈ ಎರಡು ಪದ ಕೊಟ್ಟು, "ಸೋಮವಾರದೊಳಗೆ ಯಾರು ಯಾರನ್ನ ಒಪ್ಪಿಸ್ತೀರೋ ಅವರು ಹೋಗಿ" ಎಂದುಬಿಟ್ಟರು.

"ಟೈರ್ಡ್ ಆದೋಳಿಗೆ ಮಾಡೋ ಕೆಲಸದ ಮೇಲೆ ಗ್ಯಾನ ಇರುತ್ತೆ ಕಣೇ. ಎಕ್ಸಾಸ್ಟೆಡ್ ಆದೋಳಿಗೆ ಅದೂ ಇರಲ್ಲ," ಎಂದಳು ಗೆಳತಿ.

"ನಂಗೆ ಯಾವಾಗ್ಲೂ ಇರುತ್ತೆ. ಪುರಾವೆ ಕೊಡು."

"ಭಾನುವಾರ ನಮ್ಮ ಗೋಡೌನಿಗೆ ಬಾ."

ಅವರದು ಕೊಬ್ಬರಿ ವ್ಯಾಪಾರ. ಅಲ್ಲಿ ಕಾಯಿ ಸುಲಿಯುವ ಅಣ್ಣ ನೆಲಕ್ಕೆ ನೆಟ್ಟ ಕಬ್ಬಿಣದ ಚೂಪಿನ ಮುಂದೆ ನನ್ನನ್ನು ನಿಲ್ಲಿಸಿ ಹೇಳಿದರು: "ಮೊದ್ಲು ಕಿವಿ ಹತ್ರ ಅಲ್ಲಾಡ್ಸಿ ನೋಡವ್ವ. ಗಡಗಡ ಅಂದ್ರೆ ಒಳಗೆ ಒಣಗೈತೆ, ಸುಲಿ. ಅನ್ನದಿದ್ರೆ ವಾಪಸ್ ಅಟ್ಟಕ್ಕೆ."

ಗೆಳತಿ ಕಾಯಿ ಕೊಡುವುದು, ನಾನು ಸುಲಿಯುವುದು. ಹತ್ತನೆಯದಕ್ಕೆ ತೋಳು ಸೋತುಬಂತು. ಹನ್ನೊಂದನೆಯದು ಕಿವಿಯ ಬಳಿ ಸದ್ದೇ ಮಾಡಲಿಲ್ಲ.

"ಇದು ಒಣಗಿಲ್ಲ! ಬೇಕಂತಲೇ ಕೊಟ್ಟೆ ಅಲ್ವಾ?"

"ಹೂಂ. ಈಗ ನೀನು ಟೈರ್ಡ್."

ಸುಸ್ತಾದರೂ ಹಸಿ ಕಾಯಿ ಹಿಡಿದೆನೆಂದು ಗೆದ್ದವಳಂತೆ ಕುಣಿದೆ. ಮುಂದಿನ ಕಾಯಿಗಳನ್ನು ವಾದ ಮಾಡುತ್ತಲೇ ಸುಲಿದೆ. ನಾರಿನ ಧೂಳಿಗೆ ಅವಳು ಸೀನಿದಳು, ನಾನು ನಕ್ಕೆ. ನಗು ನಿಲ್ಲಲಿಲ್ಲ. ಏಕೆ ನಗುತ್ತಿದ್ದೇನೆಂದೂ ತಿಳಿಯದೆ, ಕಣ್ಣೊರೆಸಿಕೊಂಡು ಮತ್ತೊಂದು ಕಾಯನ್ನು ಚೂಪಿಗೆ ಕುಕ್ಕಿದೆ. ಸಿಪ್ಪೆ ಬಿಚ್ಚಿತು. ಅಣ್ಣ ಅದನ್ನೆತ್ತಿ ಅಲ್ಲಾಡಿಸಿದರು. ಗಡಗಡ ಅನ್ನಲಿಲ್ಲ, ಬರೀ ನೀರಿನ ಸದ್ದು.

"ಚಟ್ನಿಗಾಯ್ತು ಬಿಡವ್ವ."

"ಮೋಸ!" ಎಂದೆ.

"ಅಲ್ಲಾಡ್ಸಿದ್ರೆ ಗೊತ್ತಾಗ್ತಿತ್ತಲ್ಲ?" ಎಂದಳು ಗೆಳತಿ.

ಒಂದೇ ಕಾಯಿಂದ ಸಿದ್ಧಾಂತ ಕಟ್ಟಲಾಗದು ಎಂಬ ಆಕ್ಷೇಪ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳು ಇನ್ನೊಂದು ಕಾಯಿ ಹಿಡಿದು, "ಸರಿ, ಇದನ್ನೂ ನೋಡೇಬಿಡು" ಎಂದಳು. ನಾನು ಸಿಪ್ಪೆಯ ರಾಶಿಯ ಮೇಲೆ ಬಿದ್ದೆ. ಬಾಯಿಂದ ನಗುವಷ್ಟೇ ಬಂತು. ಅಣ್ಣನೂ ನಕ್ಕು ಕೂತರು.

ಸೋಮವಾರ ಮೇಷ್ಟ್ರು ಕೇಳಿದರು: "ಯಾರು ಒಪ್ಪಿಸಿದ್ರಿ?"

ಅವಳತ್ತ ತೋರಿಸಲು ಹೋದೆ. ಭಾನುವಾರದ ನೋವಿಗೆ ಕೈ ಮೇಲೇಳಲಿಲ್ಲ. ಅವಳೇ ನನ್ನ ಮಣಿಕಟ್ಟು ಹಿಡಿದೆತ್ತಿ, ನನ್ನ ಬೆರಳನ್ನು ತನ್ನತ್ತ ತಿರುಗಿಸಿಕೊಂಡಳು.