ಎಡಗೈಯ ಬಿಸಿಲು

ದೆವ್ವ ಕಂಡದ್ದು, ಕನಸಿನಲ್ಲಿ ಸೂಚನೆ ಬಂದದ್ದು, ಸತ್ತವರು ಕರೆದದ್ದು ಇಂಥವನ್ನೆಲ್ಲ ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದವನು. ವರ್ಷಗಟ್ಟಲೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದವನಿಗೆ ಅಚ್ಚಾದದ್ದರ ಮೇಲೇ ಹೆಚ್ಚು ನಂಬಿಕೆ ಉಳಿಯುವುದಿಲ್ಲ, ಬಾಯಲ್ಲಿ ಹೇಳಿದ್ದರ ಮೇಲೆ ಎಲ್ಲಿಂದ ಬರಬೇಕು? ಆದ್ದರಿಂದ ಇದನ್ನು ಬರೆಯಲು ಕೂತಾಗ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತಿದೆ. ನೀವು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ ಎಂದು ಮಾತ್ರ ಕೇಳಬೇಕಾಗಿದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಇದ್ದದ್ದು ರಾಮಮೂರ್ತಿ ನಗರದಲ್ಲಿ, ಅಕ್ಕ ಮಹಾದೇವಿ ಮತ್ತು ಅವಳ ಗಂಡ ಶರಣಪ್ಪ ಮಾಮಾನ ಜೊತೆ. ನಮ್ಮದು ಸೇಡಂ ಕಡೆಯ ಹಳ್ಳಿ. ಮಾಮಾ ಮೊದಲು ಬಂದು ಟೂರಿಸ್ಟ್ ಟ್ಯಾಕ್ಸಿ ಓಡಿಸಲು ಸೇರಿದ, ಆಮೇಲೆ ಅಕ್ಕನನ್ನು ಕರೆಸಿಕೊಂಡ, ಅವರ ಹಿಂದೆ ನಾನು ಬಂದೆ. ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ನೆಲಮಹಡಿಯ ಮನೆ ಅದು. ಒಂದು ರೂಮು, ಒಂದು ಅಡುಗೆಮನೆ. ರೂಮಿಗೆ ಕಿಟಕಿಯೇ ಇರಲಿಲ್ಲ. ಬಾಗಿಲು ತೆಗೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ನಡುಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಿಯೇ ಊಟ ಮಾಡಬೇಕಿತ್ತು.

ಮಾಮಾನಷ್ಟು ಒಳ್ಳೆಯ ಡ್ರೈವರನ್ನು ನಾನು ಆಮೇಲೆ ನೋಡಿಲ್ಲ. ಅವನು ಹಾರ್ನ್ ಒತ್ತುತ್ತಿದ್ದದ್ದೇ ಅಪರೂಪ. ಒಮ್ಮೆ ಸೈಪ್ರಸ್ ಎಂಬ ದ್ವೀಪದಿಂದ ಬಂದಿದ್ದ ಒಬ್ಬ ವಯಸ್ಸಾದ ಪ್ರವಾಸಿಯನ್ನು ಹತ್ತು ದಿನ ಊರೂರು ಸುತ್ತಿಸಿದ. ಆ ಹಿರಿಯರಿಗೆ ಇವನ ಕೈ ಎಷ್ಟು ಹಿಡಿಸಿತೆಂದರೆ, ನಮ್ಮಲ್ಲೂ ನಿಮ್ಮ ಹಾಗೇ ರಸ್ತೆಯ ಎಡಕ್ಕೇ ಓಡಿಸುತ್ತಾರೆ, ನನ್ನ ಹೋಟೆಲಿಗೆ ಡ್ರೈವರಾಗಿ ಬಾ, ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ ಎಂದು ಹೇಳಿ ಹೋದರು. ಮಾಮಾ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ಕೆಲಸಕ್ಕೆ ಸೇರುವ ಮೊದಲು ಒಂದು ವಾರ ಹೋಟೆಲಿನ ಗಾಡಿಯನ್ನು ನಮ್ಮದೇ ಎಂಬಂತೆ ತೆಗೆದುಕೊಂಡು ಇಡೀ ದ್ವೀಪ ಸುತ್ತಿ ರಸ್ತೆ ಕಲಿತುಕೊಳ್ಳಬೇಕು ಎನ್ನುತ್ತಿದ್ದ.

ಕೆ.ಆರ್. ಪುರದ ಆಚೆ ರಸ್ತೆ ಬದಿಯಲ್ಲಿ ಟೈರು ಬದಲಾಯಿಸುತ್ತಿದ್ದಾಗ ಲಾರಿಯೊಂದು ಬಂದು ಅವನನ್ನು ಗಾಡಿಗೇ ಒತ್ತಿತು. ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅಕ್ಕನನ್ನು ಕೂರಿಸಿಕೊಂಡು, ಇದು ವಾಸಿಯಾಗುವುದಲ್ಲಮ್ಮ, ಹುಣ್ಣಾಗದ ಹಾಗೆ ನೋಡಿಕೊಳ್ಳಿ ಎಂದು ಸಮಾಧಾನವಾಗಿಯೇ ಹೇಳಿದರು. ಮನೆಗೆ ಕರೆತಂದು ಒಂದು ತಿಂಗಳಾಗಿತ್ತು, ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಅಕ್ಕ ಸಹಿ ಮಾಡಿ ತೆಗೆದುಕೊಂಡಳು. ಮಾಮಾ ಅದರೊಳಗಿನ ತನ್ನ ಫೋಟೊ ನೋಡಿದ, ದಿಂಬಿನ ಕೆಳಗೆ ಇಟ್ಟುಕೊಂಡ.

ಎರಡು ವರ್ಷ ಹಾಗೇ ಕಳೆಯಿತು. ಅಕ್ಕ ಗಾರ್ಮೆಂಟ್ಸಿಗೆ ಹೋಗತೊಡಗಿದಳು. ಬೆಳಿಗ್ಗೆ, ಸಂಜೆ ನಾವಿಬ್ಬರೂ ಸೇರಿ ಮಾಮಾನನ್ನು ಮಗ್ಗುಲು ಬದಲಿಸುತ್ತಿದ್ದೆವು. ಎಷ್ಟು ಜೋಪಾನ ಮಾಡಿದರೂ ಬೆನ್ನಿನ ಕೆಳಗೆ ಹುಣ್ಣಾಯಿತು. ಮತ್ತೆ ಮತ್ತೆ ಜ್ವರ ಬರುತ್ತಿತ್ತು. ಅವನು ಮಾತು ಕಡಿಮೆ ಮಾಡುತ್ತ ಬಂದ.

ಆಗ ನಾನೊಂದು ಕೆಲಸ ಮಾಡಿದೆ. ಒಳ್ಳೆಯದೆಂದುಕೊಂಡೇ ಮಾಡಿದೆ. ನಮ್ಮ ಪ್ರೆಸ್ಸಿಗೆ ಒಂದು ಟ್ರಾವೆಲ್ಸಿನವರ ಬಣ್ಣದ ಹಾಳೆಗಳು ಅಚ್ಚಿಗೆ ಬಂದಿದ್ದವು. ಅದರಲ್ಲಿ ಒಂದು ಪುಟ ತುಂಬ ಸೈಪ್ರಸ್ಸಿನ ನಕ್ಷೆ. ನೀಲಿ ಬಣ್ಣ ತನ್ನ ಜಾಗದಲ್ಲಿ ಕೂರದೆ ಪಕ್ಕಕ್ಕೆ ಸರಿದು ಒಂದಷ್ಟು ಹಾಳೆ ಕೆಟ್ಟುಹೋದವು. ಅವುಗಳಲ್ಲಿ ಒಂದನ್ನು ಸುರುಳಿ ಸುತ್ತಿ ಮನೆಗೆ ತಂದೆ.

ಮಾಮಾ ಅದನ್ನು ಎದೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. "ರಸ್ತಾ ಸಮುದ್ರದಾಗ ಬಿದ್ದದಲ್ಲೋ ತಮ್ಮಾ," ಎಂದ. ಆ ಎರಡು ವರ್ಷಗಳಲ್ಲಿ ಅವನು ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ.

ಅಕ್ಕ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಬೈದಳು. "ಯಾಕ ತಂದಿ ಅದನ್ನ? ಹಸದವನ ಮುಂದ ತಾಟು ಇಟ್ಟು ಕೈ ಕಟ್ಟಿದಂಗ ಆಯ್ತಲ್ಲೋ."

ಅವಳು ಹೇಳಿದ್ದು ಸರಿಯೇ ಇತ್ತು. ಆದರೆ ಅಷ್ಟರಲ್ಲಿ ತಡವಾಗಿತ್ತು. ಮಾಮಾನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದ್ದರಿಂದ ನಾನು ಊರುಗಳ ಹೆಸರನ್ನು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಲಾರ್ನಕಾ, ಲಿಮಸೋಲ್, ಪಾಫೋಸ್. ನಿತ್ಯ ಸಂಜೆ ನಾನು ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದ. ಲಾರ್ನಕಾದಿಂದ ಮುಂಜಾನೆ ಐದಕ್ಕೆ ಬಿಡಬೇಕು, ಬಿಸಿಲೇರುವ ಮೊದಲು ಲಿಮಸೋಲ್ ದಾಟಬೇಕು. ನಡುವಿನ ಬೆಟ್ಟಕ್ಕೆ ಹೋಗುವುದಾದರೆ ಘಾಟಿ ಎಂಥದ್ದಿದೆ, ಬ್ರೇಕು ಮೊದಲೇ ನೋಡಿಸಿಕೊಳ್ಳಬೇಕು. ಎರಡು ದಿನದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡರೆ ಹೋಟೆಲಿನ ತಂಟೆ ಇಲ್ಲ. ಅವನ ಎಡಕ್ಕೆ ಮುಂದಿನ ಸೀಟಿನಲ್ಲಿ ನಾನು, ಹಿಂದೆ ಅಕ್ಕ.

"ನಂಗ ಗಾಡ್ಯಾಗ ವಾಂತಿ ಬರ್ತದ. ನಾ ಬರಂಗಿಲ್ಲ," ಎಂದು ಅಕ್ಕ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

"ನಾ ಓಡಿಸಿದ್ರ ಬರಂಗಿಲ್ಲ ಬಿಡು," ಎನ್ನುತ್ತಿದ್ದ ಮಾಮಾ.

ಇದು ಆಟವೆಂದು ಮೂವರಿಗೂ ಗೊತ್ತಿತ್ತು. ಹುಣ್ಣು ಆಳವಾಗುತ್ತಿತ್ತು, ಅದೂ ಮೂವರಿಗೂ ಗೊತ್ತಿತ್ತು.

ಏಪ್ರಿಲ್ ತಿಂಗಳ ಒಂದು ಭಾನುವಾರ ಅಕ್ಕನಿಗೆ ಓವರ್‌ಟೈಮ್ ಇತ್ತು, ಬೆಳಗಾಗುವ ಮೊದಲೇ ಹೋಗಿದ್ದಳು. ಬೆಳಿಗ್ಗೆಯಿಂದ ನಾನು ಮನೆಯಲ್ಲೇ ಇದ್ದೆ. ಕತ್ತಲಿರುವಾಗಲೇ ನೀರು ಹಿಡಿದುಕೊಂಡು ಬಂದದ್ದು ಬಿಟ್ಟರೆ ಹೊಸ್ತಿಲು ದಾಟಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣ ಇದೆ. ಮಾಮಾನಿಗೆ ಮೈ ಒರೆಸಿ, ಊಟ ಮಾಡಿಸಿ, ಲೈಟು ಆರಿಸಿ, ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸಿದೆ. ಎರಡು ಗಂಟೆಯ ಸುಮಾರಿಗೆ ಕರೆಂಟು ಹೋಯಿತು. ಫ್ಯಾನು ನಿಂತು ಮನೆಯೆಲ್ಲ ಒಮ್ಮೆಲೇ ಸದ್ದಡಗಿತು.

"ತಮ್ಮಾ, ಇವತ್ತ ಹೊರಡೋಣು. ಬಾ, ಕೂಡು," ಎಂದ ಮಾಮಾ.

ಮಂಚದ ಎಡಕ್ಕೆ, ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತೆ. ನಗು ಬಂದಿತ್ತು, ನಗಲಿಲ್ಲ. ಅವನ ಎರಡೂ ಕೈ ಹೊದಿಕೆಯ ಮೇಲೆ ಎದ್ದವು, ಸ್ಟಿಯರಿಂಗ್ ಹಿಡಿದವು. ಎಡಗೈ ಒಮ್ಮೆ ಕೆಳಗಿಳಿದು ಗೇರು ಹಾಕಿತು. ಮೊದಮೊದಲು ಅವನು ಮಾತಾಡುತ್ತಿದ್ದ. ಇಲ್ಲಿ ತಿರುವು ಅದ. ಮುಂದ ಕುರಿ ಹೊಂಟಾವ, ಹೋಗಲಿ ತಡಿ. ಆಮೇಲೆ ಮಾತು ನಿಂತಿತು. ಮಾತು ನಿಂತರೂ ನಾನು ಏಳಲಿಲ್ಲ. ಯಾಕೆ ಏಳಲಿಲ್ಲವೆಂದು ಈಗಲೂ ಹೇಳಲಾರೆ. ನಿದ್ದೆ ಬಂದಿರಲಿಲ್ಲ. ನನ್ನ ಎಡಕ್ಕೆ ಗೋಡೆ ಇತ್ತು, ಬಾಗಿಲ ಸಂದಿಯ ಮಬ್ಬು ಬೆಳಕಿನಲ್ಲಿ ಅದರ ತೇವದ ಕಲೆ ಇತ್ತು, ಅದನ್ನೇ ನೋಡುತ್ತಿದ್ದೆ. ಸಮುದ್ರ ಕಂಡಿತೆಂದು ಬರೆದರೆ ಸುಳ್ಳಾಗುತ್ತದೆ. ಏನೂ ಕಾಣಲಿಲ್ಲ. ಎಡಗೈ ಮಾತ್ರ ಬೆಚ್ಚಗಾಗುತ್ತಿತ್ತು. ಸೆಖೆ ಎಂದುಕೊಂಡೆ.

ನಡುವೆ ಒಮ್ಮೆ ಮಾಮಾ ಕೇಳಿದ: "ನಿಮ್ಮಕ್ಕ ಮಲಗ್ಯಾಳೇನು ನೋಡು."

ನಾನು ಹಿಂದೆ ತಿರುಗದೆಯೇ ಹೇಳಿದೆ: "ಮಲಗ್ಯಾಳ ಮಾಮಾ."

ಅದು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಆ ಹೊತ್ತಿಗೆ ಅದು ಸುಳ್ಳೆಂದೂ ನನಗೆ ಅನಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವನ ಕೈಗಳು ನಿಂತವು. "ರಸ್ತಾ ಮುಗೀತು," ಎಂದ. "ಮುಂದ ಸಿಪಾಯಿಗಳು ನಿಂತಾರ. ಬಿಡಂಗಿಲ್ಲ ಅಂತಾರ."

ನಕ್ಷೆಯಲ್ಲಿ ಹಾಗೇನೂ ಇರಲಿಲ್ಲ. ದ್ವೀಪದ ಸುತ್ತ ರಸ್ತೆಯ ಒಂದೇ ಕೆಂಪು ಗೆರೆ ಇತ್ತು. "ಹಿಂದಕ್ಕ ತಿರುಗಿಸ್ರಿ ಮಾಮಾ, ಬಂದ ದಾರೀಲೆ ಹೋಗೋಣು," ಎಂದೆ.

"ತಿರುಗಿಸ್ಲಿಕ್ಕ ಜಾಗ ಇಲ್ಲೋ," ಎಂದ. ಅವನ ದನಿ ತೀರ ಸಣ್ಣಗಿತ್ತು. "ನೀ ಇಳಿ. ನೀ ನಡಕೊಂತ ಹೋಗು."

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಅಕ್ಕ ಬಂದಿದ್ದಳು. ಏಳು ಗಂಟೆ ಆಗಿತ್ತು. ಹೆಚ್ಚೆಂದರೆ ಅರ್ಧ ಗಂಟೆ ಕೂತಿದ್ದೇನೆ ಎಂದುಕೊಂಡಿದ್ದವನಿಗೆ ಐದು ಗಂಟೆ ಕಳೆದದ್ದು ತಿಳಿದಿರಲಿಲ್ಲ. ಕರೆಂಟು ಯಾವಾಗಲೋ ಬಂದಿತ್ತು, ಫ್ಯಾನು ತಿರುಗುತ್ತಿತ್ತು. ಅಕ್ಕ ಲೈಟು ಹಾಕಿದಳು, ನನ್ನನ್ನು ನೋಡಿದಳು.

"ಎಲ್ಲಿ ಹೋಗಿದ್ದಿ ಇವ್ರನ್ನ ಒಬ್ಬರನ್ನೇ ಬಿಟ್ಟು?" ಎಂದಳು.

"ಎಲ್ಲೂ ಹೋಗಿಲ್ಲ."

"ಸುಳ್ಳು ಹೇಳಬ್ಯಾಡ. ಡ್ರೈವರನ ಹೆಂಡತಿ ಇದ್ದೀನಿ ನಾ." ನನ್ನ ಎಡಗೈ ಹಿಡಿದು ಲೈಟಿನ ಕೆಳಗೆ ಎತ್ತಿದಳು. ಅರ್ಧ ತೋಳಿನ ಅಂಗಿಯ ಅಂಚಿನಿಂದ ಬೆರಳಿನವರೆಗೆ ಕೈ ಸುಟ್ಟು ಕೆಂಪು ಮಿಶ್ರಿತ ಕಪ್ಪಾಗಿತ್ತು. ಗಡಿಯಾರ ತೆಗೆದೆ. ಅದರ ಕೆಳಗಿನ ಚರ್ಮ ಹಾಗೇ ಇತ್ತು, ಪಟ್ಟಿಯ ಗುರುತು ಗೆರೆ ಎಳೆದಂತೆ ಕಾಣುತ್ತಿತ್ತು. ಬಲಗೈಗೆ ಏನೂ ಆಗಿರಲಿಲ್ಲ. "ದಿನಗಟ್ಟಲೆ ಗಾಡಿ ಕಿಡಕ್ಯಾಗಿಂದ ಕೈ ಹೊರಗ ಹಾಕ್ಕೊಂಡು ಕೂತಂಗ ಆಗ್ಯದ," ಎಂದಳು ಅಕ್ಕ.

ನಡೆದದ್ದನ್ನು ನಡೆದಂತೆ ಹೇಳಿದೆ. ಆಮೇಲೆ ಅವಳು ಮಂಚದ ಹತ್ತಿರ ಹೋದಳು. ಮಾಮಾನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವು ಎರಡು ವರ್ಷ ಬಿಸಿಲು ಕಾಣದ ಕೈಗಳು, ಬಿಳಿಚಿಕೊಂಡೇ ಇದ್ದವು. ಅವುಗಳನ್ನು ಹಾಗೇ ಹೊದಿಕೆಯ ಮೇಲಿಟ್ಟು ಅಕ್ಕ ಅಡುಗೆಮನೆಗೆ ಹೋದಳು. ಅವಳು ಅತ್ತದ್ದು ನನಗೆ ಕೇಳಿಸಿತು.

ಮೂರನೆಯ ದಿನ ಚರ್ಮ ಸುಲಿಯತೊಡಗಿತು. ಪ್ರೆಸ್ಸಿನ ಕೆಮಿಕಲ್ ಇರಬೇಕೆಂದು ನನಗೆ ನಾನೇ ಹೇಳಿಕೊಂಡು ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ತಲೆಯೆತ್ತದೆ, "ಬಿಸಿಲಪ್ಪಾ. ಫುಲ್ ತೋಳು ಹಾಕ್ಕೊಂಡು ಓಡಾಡಿ," ಎಂದು ಚೀಟಿ ಬರೆದರು. ಕೆಮಿಕಲ್ ಮುಟ್ಟುವುದು ನಾನು ಬಲಗೈಯಲ್ಲಿ. ಅದು ನನಗೂ ಗೊತ್ತಿತ್ತು.

ಮಾಮಾ ಆ ಭಾನುವಾರದ ಮೇಲೆ ಪ್ರಯಾಣದ ಮಾತೆತ್ತಲಿಲ್ಲ. ನಕ್ಷೆ ಹರಡಿದರೆ ಮುಖ ತಿರುಗಿಸುತ್ತಿದ್ದ. ಒಂದು ಸಂಜೆ ನಾನೇ ಧೈರ್ಯ ಮಾಡಿ, "ಮಾಮಾ, ಅವತ್ತು ಏನಾಯ್ತು?" ಎಂದು ಕೇಳಿದೆ. ನನ್ನ ಕೈಯನ್ನು ನೋಡಿದ. "ನೀ ವಾಪಸ್ ಬಂದಿ," ಎಂದ. "ನಾ ಅಲ್ಲೇ ಇದ್ದೀನಿ." ಮೇ ತಿಂಗಳಲ್ಲಿ ಜ್ವರ ಏರಿತು, ಇಳಿಯಲಿಲ್ಲ. ಹಲಸೂರಿನ ಸ್ಮಶಾನದಿಂದ ನಾವಿಬ್ಬರೇ ಬಸ್ಸಿನಲ್ಲಿ ಮನೆಗೆ ಬಂದೆವು.

ಆಮೇಲೆ ಟ್ರಾವೆಲ್ಸಿನವರ ಕಡೆಯ ಗುಮಾಸ್ತ ಪ್ರೆಸ್ಸಿಗೆ ಬಂದಾಗ ಕೇಳಿದೆ. ಆ ದ್ವೀಪ ಎರಡು ಭಾಗವಾಗಿದೆಯೆಂದೂ ನಡುವೆ ಸೈನಿಕರ ಗಡಿ ಇದೆಯೆಂದೂ ಸುತ್ತು ಹಾಕಲು ಯಾರನ್ನೂ ಬಿಡುವುದಿಲ್ಲವೆಂದೂ ಹೇಳಿದ. ಆ ವಯಸ್ಸಾದ ಪ್ರವಾಸಿಯೇ ಮಾಮಾನಿಗೆ ಇದನ್ನು ಹೇಳಿದ್ದಿರಬಹುದು, ಒಪ್ಪುತ್ತೇನೆ. ಒಂದು ಮಧ್ಯಾಹ್ನ ಕಬ್ಬನ್ ಪಾರ್ಕಿನ ಲೈಬ್ರರಿಗೆ ಹೋಗಿ ದೊಡ್ಡ ಅಟ್ಲಾಸ್ ತೆಗೆಸಿ ನೋಡಿದೆ. ಲಾರ್ನಕಾದಿಂದ ಪಶ್ಚಿಮಕ್ಕೆ, ಅಲ್ಲಿಂದ ಉತ್ತರಕ್ಕೆ ಹೊರಟ ಗಾಡಿಗೆ ಸಮುದ್ರ ಎಡಕ್ಕೆ ಬರುತ್ತದೆ. ದಕ್ಷಿಣದ ಬಿಸಿಲು, ಇಳಿಹೊತ್ತಿನ ಬಿಸಿಲು ಎರಡೂ ಎಡಕ್ಕೇ ಬೀಳುತ್ತವೆ. ಓಡಿಸುವವನ ಕೈ ನೆರಳಿನಲ್ಲೇ ಇರುತ್ತದೆ. ಹೋಗಬೇಕೆಂದು ಎರಡು ವರ್ಷ ಜೀವ ಹಿಡಿದವನಿಗೆ ಬಿಸಿಲಿನ ಒಂದು ಗುರುತೂ ಸಿಗಲಿಲ್ಲ. ಸುಮ್ಮನೆ ಜೊತೆಗೆ ಕೂತವನಿಗೆ ಸಿಕ್ಕಿತು. ಇದಕ್ಕೆ ನಾನು ಯಾರನ್ನು ಕೇಳಲಿ?

ಕೆಲವು ವರ್ಷಗಳ ಮೇಲೆ ನಾವು ಆ ಮನೆ ಬಿಟ್ಟು ಬೈಯಪ್ಪನಹಳ್ಳಿಯ ಹತ್ತಿರ ಬಾಡಿಗೆಗೆ ಹೋದೆವು. ಸಾಮಾನು ಕಟ್ಟುತ್ತಿದ್ದ ದಿನ, ಪಾತ್ರೆಗಳಿಗೆ ಹಳೆಯ ಪೇಪರು ಸುತ್ತುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು. ಅಷ್ಟು ವರ್ಷ ಆ ಭಾನುವಾರದ ಸುದ್ದಿಯನ್ನು ಒಮ್ಮೆಯೂ ಎತ್ತದವಳು ಕೇಳಿದಳು:

"ಗಾಡಿ ಓಡಿಸ್ವಾಗ ಅವ್ರ ಮುಖ ಹೆಂಗಿತ್ತೋ ತಮ್ಮಾ? ನಕ್ಕಿದ್ರೇನು?"

ನಕ್ಕಿದ್ದ ಎಂದು ಹೇಳಿಬಿಡಬಹುದಿತ್ತು. ಆದರೆ ಐದು ಗಂಟೆಗಳ ಕಾಲ ನಾನು ಅವನ ಮಗ್ಗುಲಲ್ಲೇ ಕೂತಿದ್ದೆ, ಕೈಗಳು ಕಣ್ಣಂಚಿನಲ್ಲಿ ಕಂಡದ್ದಷ್ಟೇ, ಮುಖ ನೋಡಲು ಒಮ್ಮೆಯೂ ಬಲಕ್ಕೆ ತಿರುಗಿರಲಿಲ್ಲ.

"ನಾ ನೋಡ್ಲಿಲ್ಲ ಅಕ್ಕ," ಎಂದೆ.

ಅವಳು ತಲೆಯಾಡಿಸಿ, ಕೈಯಲ್ಲಿದ್ದ ತಾಟಿಗೆ ಪೇಪರು ಸುತ್ತಿದಳು.