ಅಲಾವಿ ಪದದ ಉಳಿದ ಐದು ನುಡಿ

ಧಾರವಾಡದಿಂದ ನಮ್ಮ ಜಿಲ್ಲೆ ಬೇರೆಯಾದಾಗ ಪಾಲಿಗೆ ಕುರ್ಚಿ, ಕಪಾಟು, ಕಡತಗಳೆಲ್ಲ ಬಂದವು. ಚರಿತ್ರೆ ಮಾತ್ರ ಬರಲಿಲ್ಲ. ಹೊಸ ಜಿಲ್ಲೆಗೆ ಅದನ್ನೊಂದು ಒದಗಿಸಿಕೊಡಬೇಕೆಂದು ಗದುಗಿನಲ್ಲಿ ನಾವು ಕೆಲವರು ಸಮಿತಿ ಮಾಡಿಕೊಂಡೆವು. ಹೊತ್ತಿಗೆ ಸರಿಯಾಗಿ ಬಂದವರು ಲಕ್ಕುಂಡಿಯ ಗುಡಿಗಳನ್ನೂ ಲಕ್ಷ್ಮೇಶ್ವರದ ಶಾಸನಗಳನ್ನೂ ಹಿಡಿದುಕೊಂಡರು. ತಡವಾಗಿ ಹೋದ ನನಗೆ ಮುಂಡರಗಿ ತಾಲೂಕಿನ ಹಾಡುಗಳು ಉಳಿದಿದ್ದವು. ಶಾಲಾ ಮಾಸ್ತರನಾದವನು ಯಾವುದಕ್ಕೂ ಸೈ ಎಂದು ಒಪ್ಪಿಕೊಂಡೆ. ಕಲ್ಲು ಒಲ್ಲೆ ಎನ್ನುವುದಿಲ್ಲ, ಹಾಡುವವರು ಅನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು.

ಕೊರ್ಲಹಳ್ಳಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನ ಅಜ್ಜನೊಬ್ಬರಿದ್ದರು. ನಮ್ಮ ಕಡೆ ಅಲಾವಿ ಎನ್ನುವ ಮೊಹರಂನಲ್ಲಿ ಹೆಜ್ಜೆ ಹಾಕುತ್ತ ಹಾಡುವ ಅಲಾವಿ ಪದಗಳಲ್ಲಿ ಒಂದು ದೊಡ್ಡ ಪದವಿತ್ತು, ಒಂಬತ್ತು ನುಡಿಯದು. ಮೊದಲ ನಾಲ್ಕು ನುಡಿ ಆ ಜಾತಿ ಈ ಜಾತಿ ಎನ್ನದೆ ಊರ ಮೇಳದವರಿಗೆಲ್ಲ ಬರುತ್ತಿದ್ದವು. ಐದನೆಯದರ ಹೊತ್ತಿಗೆ ಮೇಳದವರ ಕಾಲು ಸೋತಿರುತ್ತಿದ್ದವಾದ್ದರಿಂದ ಉಳಿದದ್ದನ್ನು ಅಜ್ಜ ಒಬ್ಬರೇ ಹಾಡಿ ಮುಗಿಸುತ್ತಿದ್ದರು. ಈಗ ಅವರ ಗಂಟಲಲ್ಲಿ ಗಂಟು ಎದ್ದಿತ್ತು. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಆಪರೇಶನ್. ದನಿ ಉಳಿಯುತ್ತದೆಂದು ಡಾಕ್ಟರು ಹೇಳಿರಲಿಲ್ಲ. ಮೊಹರಂ ಇನ್ನೂ ನಾಲ್ಕು ತಿಂಗಳು ದೂರವಿತ್ತು.

ನಾನು ಟೇಪ್ ರೆಕಾರ್ಡರನ್ನು ಅವರ ಮುಂದೆ ಪೂಜೆಗಿಟ್ಟಂತೆ ಇಟ್ಟು, ಜಿಲ್ಲೆಯ ಪರಂಪರೆಯ ಬಗ್ಗೆ ಚಿಕ್ಕದಲ್ಲದ ಭಾಷಣ ಮಾಡಿದೆ. ಅಜ್ಜ ಹೊಲಿಗೆ ಬಿಡದೆ ಕೇಳಿದರು.

“ಅಲಾವಿ ಪದ ಅಲಾವ್ಯಾಗ ಹಾಡೋದ್ರಿ ಮಾಸ್ತರ. ಮದಿವಿ ಇಲ್ಲದ ದಿನ ನೀವು ಅಕ್ಕಿಕಾಳು ಒಗಿತೀರೇನು?”

ಬೇರೆ ದಿನ ಹಾಡುವುದಿಲ್ಲವೆಂದು ತಮಗೆ ಕಲಿಸಿದ ಉಸ್ತಾದರಿಗೆ ಅಜ್ಜ ಮಾತು ಕೊಟ್ಟಿದ್ದರಂತೆ. ಉಸ್ತಾದರು ತೀರಿಹೋಗಿ ಎಷ್ಟೋ ವರ್ಷವಾಗಿದ್ದರೂ ಆ ಮಾತಿಗೆ ವಾಯಿದೆ ಮುಗಿದಿರಲಿಲ್ಲ. ನಾನು ಕೇಳಲು ಹಿಂಜರಿದದ್ದನ್ನು ಅವರ ಸೊಸೆಯೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಆಮ್ಯಾಲೆ ದನಿನ ಹೋತಂದ್ರ ಏನ್ ಮಾಡ್ತೀರಿ ಮಾವಾರ? ಪದ ಯಾರ ಹತ್ರ ಇರತೈತಿ?”

ಅಜ್ಜ ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. ಆಮೇಲೆ ದನ ಕೊಳ್ಳುವವರು ನೋಡುವಂತೆ ನನ್ನನ್ನು ನೋಡಿದರು.

“ಹಾಡಂಗಿಲ್ಲಂತ ಮಾತ ಕೊಟ್ಟೇನಿ. ಕಲಸಂಗಿಲ್ಲಂತ ಕೊಟ್ಟಿಲ್ಲ. ಸರಿಯಾಗಿ ಕುಂಡ್ರಿ.”

ಮೇಳದ ಹುಡುಗರೆಲ್ಲ ಆಗ ಭತ್ತದ ಕೊಯ್ಲಿಗೆಂದು ಗಂಗಾವತಿ ಕಡೆ ಹೋಗಿದ್ದರು. ಕೈಗೆ ಸಿಕ್ಕ ಶಿಷ್ಯ ನಾನೊಬ್ಬನೇ. ಶಾಲೆಯ ಪ್ರಾರ್ಥನೆಯಲ್ಲಿ ಹೆಡ್ ಮಾಸ್ತರರು ನನ್ನನ್ನು ಕೊನೆಯ ಸಾಲಿಗೆ ನಿಲ್ಲಿಸಿ, ತುಟಿ ಅಲ್ಲಾಡಿಸಿದರೆ ಸಾಕು ಎಂದಿದ್ದನ್ನು ಅವರಿಗೆ ತಿಳಿಸಿದೆ. ಅದು ತಮ್ಮ ತಾಪತ್ರಯವೆಂದು ಅಜ್ಜ ತಿಳಿಯಲಿಲ್ಲ.

ಪಾಠದ ಕ್ರಮ ಹೀಗಿತ್ತು: ಮೊದಲು ಸಾಲನ್ನು ಪತ್ರ ಓದಿದ ಹಾಗೆ ಹೇಳುವರು. ಆಮೇಲೆ ಬಾಯಿ ಮುಚ್ಚಿ ಧಾಟಿಯನ್ನಷ್ಟೇ ಗುನುಗುವರು. ಎರಡನ್ನೂ ಕೂಡಿಸುವ ಹೊಣೆ ನನ್ನದು. ಹೀಗೆ ಅವರ ಮಾತೂ ಉಳಿಯಿತು, ನನ್ನ ಮಾನ ಹೋಯಿತು. ಮೂರು ದಿನ ಗದುಗಿನಿಂದ ಓಡಾಡಿದೆ. ಬಸ್ಸಿನಲ್ಲಿ ಗೊಣಗಿಕೊಳ್ಳುತ್ತ ಕುಳಿತರೆ ಪಕ್ಕದವರು ಎದ್ದು ಬೇರೆ ಸೀಟು ನೋಡಿಕೊಳ್ಳುತ್ತಿದ್ದರು. ಒಂಬತ್ತನೆಯ ನುಡಿ ಮುಗಿದಾಗ ಅಜ್ಜ ಭೇಷ್ ಎನ್ನಲಿಲ್ಲ, ಆತು ಎಂದರು.

ಪಾಠವೆಲ್ಲ ತುಂಬಿಕೊಂಡಿದ್ದ ಕ್ಯಾಸೆಟ್ಟನ್ನು ಸಮಿತಿ ಗಂಭೀರವಾಗಿ ಕೇಳಿತು. ನನ್ನ ದನಿಯನ್ನು ತೆಗೆದುಹಾಕಲು ಬರುವುದೇ ಎಂದು ಸದಸ್ಯರೊಬ್ಬರು ವಿನಯದಿಂದ ವಿಚಾರಿಸಿದರು. ತೆಗೆದರೆ ಪದವೇ ಉಳಿಯುವುದಿಲ್ಲವೆಂದು ವಿವರಿಸಿದೆ. ಅವರಿಗೆ ಅದು ನಷ್ಟವೆನಿಸಿದಂತೆ ಕಾಣಲಿಲ್ಲ.

ಆಪರೇಶನ್ ಆಯಿತು. ಅಜ್ಜ ಉಳಿದರು, ದನಿ ಉಳಿಯಲಿಲ್ಲ. ಬಾಯಿ ತೆರೆದರೆ ಗಾಳಿಯಷ್ಟೇ ಬರುತ್ತಿತ್ತು. ಮೊಹರಂ ಹತ್ತಿರ ಬಂದಾಗ ಮೇಳದವರು ನನಗೆ ಖಬರ ಕಳಿಸಿದರು. ಕೊನೆಯ ದಿನ ಇಳಿಹೊತ್ತಿನಲ್ಲಿ, ಅಲಾವಿಯ ಪಂಜಾ ದೇವರುಗಳು ಹೊಳೆಗೆ ಹೊರಡುವ ಮೊದಲು, ಮಂಡಿನೋವಿನ ಮಾಸ್ತರನಾದ ನಾನು ಮೇಳದ ಮುಂದೆ ನಿಂತು ಐದನೆಯ ನುಡಿ ಎತ್ತಿಕೊಂಡೆ. ಊರವರು ಸಜ್ಜನರು, ಯಾರೂ ನಗಲಿಲ್ಲ. ಆರನೆಯ ನುಡಿಯಲ್ಲಿ ಒಂದು ಸಾಲು ನುಂಗಿದೆ. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನ ಕೈ ಮೇಲೆದ್ದಿತು. ಎತ್ತಿದ ಹೆಜ್ಜೆ ಎತ್ತಿದಲ್ಲೇ ಇಡೀ ಮೇಳ ನಿಂತಿತು. ಅಜ್ಜ ಆರು ಬೆರಳು ತೋರಿಸಿದರು. ಆರನೆಯದನ್ನು ಮತ್ತೆ ಮೊದಲಿನಿಂದ ಹಿಡಿದೆ.

ಎಂಟನೆಯದಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಮೇಳದ ಇಬ್ಬರು ಹುಡುಗರು ಸಾಲಿನ ತುದಿಯನ್ನು ಹಿಡಿಯತೊಡಗಿದ್ದರು. ಒಂಬತ್ತನೆಯದರಲ್ಲಿ ಇನ್ನೂ ಕೆಲವರು ಸೇರಿಕೊಂಡರು. ತಪ್ಪೇನಾದರೂ ಆಯಿತೇ ಎಂದು ಅಜ್ಜನ ಕಡೆ ನೋಡಿದೆ. ಅವರು ನನ್ನನ್ನು ನೋಡುವುದನ್ನು ಬಿಟ್ಟು ಆ ಹುಡುಗರ ಬಾಯಿಗಳನ್ನೇ ನೋಡುತ್ತಿದ್ದರು.