ಸವೆಯದ ಹಿಮ್ಮಡಿ

ಈ ಚಪ್ಪಲಿ ನೋಡಿ. ಮುಂದೆ ಸವೆದು ತೂತಾಗಿದೆ, ಹಿಮ್ಮಡಿ ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆ. ಫಳ್ನೀರಿನ ಆಸ್ಪತ್ರೆಯಲ್ಲಿ, ಹೃದಯ ಪರೀಕ್ಷೆಯ ಕೋಣೆಯ ಹೊರಗೆ ನನ್ನ ಮಗ ಅದನ್ನು ಕಳಚಿಟ್ಟು ಕೂತಿದ್ದಾನೆ. ಇನ್ನೂ ಕರೆದಿಲ್ಲ.

ನನ್ನ ಅಣ್ಣನ ಚಪ್ಪಲಿಯೂ ಹೀಗೆಯೇ ಸವೆಯುತ್ತಿತ್ತು. ಹಂಪನಕಟ್ಟೆಯಲ್ಲಿ ಅವನಿಗೆ ಬಟ್ಟೆ ಅಂಗಡಿ. ನಡೆಯುವುದು ತುದಿಗಾಲಲ್ಲಿ, ಮೊಣಕೈಯೂ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. "ಎಂತ ಮಾರಾಯ್ರೆ, ಸ್ವಲ್ಪ ಕೈ ಬಿಚ್ಚಿ ಅಳೆಯಿರಿ" ಎಂದು ಗಿರಾಕಿಗಳು ತಮಾಷೆ ಮಾಡಿದರೆ, ನಕ್ಕು ಒಂದು ಗೇಣು ಹೆಚ್ಚೇ ಕೊಡುತ್ತಿದ್ದ. ಒಂದು ಮಧ್ಯಾಹ್ನ ಅಂಗಡಿಯಲ್ಲೇ ಕುಸಿದ. ಹೃದಯ ನಿಂತಿತು ಎಂದರು. ಯಾಕೆಂದು ಯಾರೂ ಕೇಳಲಿಲ್ಲ.

ಮಗನೂ ಚಿಕ್ಕಂದಿನಿಂದ ತುದಿಗಾಲು. ನಮ್ಮದು ಅಳಿಯಕಟ್ಟಿನ ಮನೆತನ, ಮಾವನದ್ದೆಲ್ಲ ಸೋದರಳಿಯನಿಗೆ. ಆಸ್ತಿ ಈಗ ಹಾಗೆ ಹೋಗುವುದಿಲ್ಲ ಬಿಡಿ, ಆದರೆ ಸಂಭ್ರಮ ಉಳಿದಿದೆ. "ಮಾವನ ನಡಿಗೆಯೇ ಬಂದಿದೆ ಇವನಿಗೆ!" ಎಂದು ಅಮ್ಮ ದೃಷ್ಟಿ ತೆಗೆದರು. ನಾನಂತೂ ಪಡೀಲಿನ ನೆರೆಕರೆಗೆಲ್ಲ ಅವನನ್ನು ನಡೆಸಿ ತೋರಿಸಿದ್ದೆ. ಜಂಭ ನೋಡಿ ನನ್ನದು!

ಪಕ್ಕದ ಮನೆಯ ನಫೀಸಾ ಮಾತ್ರ ನಗಲಿಲ್ಲ. ಜೀವಕೋಶದ ಕೇಂದ್ರದೊಳಗೆ ವರ್ಣತಂತುಗಳು ಅದರ ಅಂಚಿಗೆ ಎಲ್ಲೆಲ್ಲಿ ತಾಗಿಕೊಂಡಿವೆ ಎಂದು ನಕ್ಷೆ ಮಾಡುವುದು ಅವಳ ಸಂಶೋಧನೆ.

"ಆಂಟಿ, ಅಂಚಿಗೆ ತಾಗಿದ ಭಾಗ ಹೆಚ್ಚಾಗಿ ಸುಮ್ಮನಿರ್ತದೆ. ಅಲ್ಲಿ ಹಿಡಿದಿಡುವ ಒಂದು ಪ್ರೋಟೀನ್ ಇಲ್ಲದಿದ್ರೆ, ಸುಮ್ಮನಿರಬೇಕಾದದ್ದು ಕೆಲವು ಏಳ್ತದೆ. ಸ್ನಾಯುವಿಗೆ, ಹೃದಯಕ್ಕೆ ತೊಂದರೆ ಆಗ್ಬಹುದು. ಈ ಕೊರತೆ ಬರುವುದು ತಾಯಿಯಿಂದ ಮಗನಿಗೆ. ಮಾವನಿಗೆ ಇದ್ರೆ ಅಳಿಯನಿಗೂ ಇರ್ಬಹುದು. ಒಮ್ಮೆ ತೋರಿಸಿ."

ಅಳಿಯಕಟ್ಟು ಹೋಯಿತೆಂದು ನಾವು ತಿಳಿದಿದ್ದೆವು. ರಕ್ತಕ್ಕೆ ಯಾರೂ ಹೇಳಿರಲಿಲ್ಲ.

ಪರೀಕ್ಷೆಗೆ ರಕ್ತ ಕೊಟ್ಟಲ್ಲಿಂದ ನನಗೆ ನೆಮ್ಮದಿಯಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಮಗ ಮಲಗಿದರೆ ಎದೆ ಏರಿಳಿಯುತ್ತಿದೆಯೋ ಎಂದು ಬಗ್ಗಿ ನೋಡಿ ಅವನಿಂದಲೇ ಬೈಸಿಕೊಂಡೆ. ಇಂದು ಬೆಳಿಗ್ಗೆ ವರದಿ ಬಂತು. ಆ ಪ್ರೋಟೀನ್ ಅವನಲ್ಲಿಲ್ಲ. ಹೃದಯದ ಬಡಿತವನ್ನು ಇವತ್ತೇ ನೋಡಬೇಕು, ತಪ್ಪುತ್ತಿದ್ದರೆ ಎದೆಯಲ್ಲಿ ಪುಟ್ಟ ಯಂತ್ರ ಕೂರಿಸಿ ಕಾಪಾಡಬಹುದು ಎಂದರು ಡಾಕ್ಟರು.

"ಅಮ್ಮ, ನಂದೂ ಮಾವನದ್ದೇ ಅಲ್ವಾ?" ಮಗ ಈಗ ಕೇಳಿದ.

ಈ ಮಾತಿಗೆ ಎಷ್ಟು ವರ್ಷ, ಎಷ್ಟು ಹೆಮ್ಮೆಯಿಂದ ಹೌದೆಂದಿದ್ದೆ!

"ಕಾಲು ಮಾವನದ್ದೇ ಮಗಾ. ಎದೆ ನಿಂದೇ. ಅದನ್ನು ನೋಡ್ಲಿಕ್ಕೆ ಜನ ಉಂಟು."

ಒಳಗಿಂದ ಹೆಸರು ಕರೆದರು. ಬರಿಗಾಲಲ್ಲಿ, ತುದಿಗಾಲಲ್ಲಿ ಹೋದ. ಅವನ ಚಪ್ಪಲಿಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೇನೆ. ನೋಡುವವರು ನೋಡಲಿ.